ವಾರಿಜಾ ಮಿಸ್ಸಿನ ಕೈಗುಣ

ಮೊದಲ ದಿನ ಇಂಚರಾಳನ್ನು ಅವಳ ಅಮ್ಮ ಚಂದ್ರಕಲಾ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಮ್ಮ ಶಿಶುವಿಹಾರಕ್ಕೆ ಬಂದಳು. ಸ್ವಲ್ಪ ದಿನಕ್ಕೇ ಸೈಕಲ್ಲಿನ ಕ್ಯಾರಿಯರ್ ಬಾಗಿಹೋಯಿತು. ಆಮೇಲೆ ತರಕಾರಿ ಮಾರುವ ತಳ್ಳುಗಾಡಿಯೊಂದನ್ನು ಯಾರಿಂದಲೋ ಕೇಳಿ ಪಡೆದು ಅದರಲ್ಲಿ ಕರೆತರತೊಡಗಿದಳು. ನಾಲ್ಕು ವರ್ಷದ, ಎರಡು ಜುಟ್ಟಿನ, ಸಣಕಲು ಕತ್ತಿನ ಹುಡುಗಿ ಅದು. ಗಾಡಿಯ ನಡುವೆ ಮೊಣಕಾಲು ಮಡಚಿ ಕೂತರೆ ಒಂದು ಕುಂಬಳಕಾಯಿ ಹಿಡಿಸುವಷ್ಟು ಜಾಗ ಸಾಕಾಗುತ್ತಿತ್ತು. ಆದರೆ ಏರಿನಲ್ಲಿ ಗಾಡಿ ತಳ್ಳುವಾಗ ಚಂದ್ರಕಲಾಳ ಕತ್ತಿನ ನರಗಳು ಉಬ್ಬಿಕೊಳ್ಳುತ್ತಿದ್ದವು. ದಾರಿಯಲ್ಲಿದ್ದವರು ಗಾಡಿಯನ್ನೊಮ್ಮೆ ನೋಡಿ, ಮಗುವನ್ನೊಮ್ಮೆ ನೋಡಿ, ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ನಮ್ಮೂರಿನಲ್ಲಿ ಅದೇ ಮರ್ಯಾದೆ.

ನಮ್ಮೂರಿನ ಚಿಕ್ಕ ಮಕ್ಕಳು ಮನೆಯವರ ಚಿಂತೆಯಷ್ಟು ಭಾರ ಇರುತ್ತಾರೆ. ದೊಡ್ಡ ಶಾಲೆಗೆ ಸೇರುವ ವಯಸ್ಸು ಬಂದಮೇಲೆ ಅವರವರ ಮೈತೂಕ ಅವರಿಗೆ ಬರುತ್ತದೆ, ಅಲ್ಲಿಯವರೆಗೆ ಹೀಗೆ. ಆದ್ದರಿಂದ ನಮ್ಮಲ್ಲಿ ತೊಟ್ಟಿಲು ಕಟ್ಟುವುದು ಕಬ್ಬಿಣದ ಸರಪಳಿಯಲ್ಲಿ. ಆಟೋದವರು ಮಗುವನ್ನು ಹತ್ತಿಸಿಕೊಳ್ಳುವ ಮೊದಲು ಟೈರು ಒತ್ತಿ ನೋಡುತ್ತಾರೆ. ಆಸ್ಪತ್ರೆಯ ನರ್ಸಮ್ಮ ತೂಕದ ಯಂತ್ರವನ್ನು ನಂಬುವುದಿಲ್ಲ, ಮಗುವಿನ ರಟ್ಟೆ ಹಿಡಿದು ನೋಡಿ ಹೊಟ್ಟೆಗೆ ಸಾಕಷ್ಟು ಬೀಳುತ್ತಿದೆಯೋ ಇಲ್ಲವೋ ಹೇಳುತ್ತಾಳೆ. ಮಗಳನ್ನು ಕೊಟ್ಟ ಮನೆಗೆ ಹೋದ ತಾಯಿ ಕಾಫಿ ಕುಡಿಯುವ ಮೊದಲೇ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡು ಏನೂ ಹೇಳುವುದಿಲ್ಲ. ಭಾರ ಗೊತ್ತಾದರೂ ಗೊತ್ತಾಗದವರಂತೆ ಇರಬೇಕು, ಯಾಕೆಂದು ಕೇಳಬಾರದು. ಕೇಳಿದರೆ ಬೇರೆಯವರ ಅಡುಗೆಮನೆಗೆ ಹೇಳದೆ ನುಗ್ಗಿದಷ್ಟು ತಪ್ಪು.

ನಾನು ಊರಿನ ಶಿಶುವಿಹಾರದ ಟೀಚರು. ಕಟ್ಟಡ ಹಿಂದೆ ಕಾಳಿನ ಗೋದಾಮಾಗಿತ್ತು. ನೀರು ನುಗ್ಗದಿರಲೆಂದು ಅದರ ಹೊಸ್ತಿಲಿಗೆ ಮೊಣಕಾಲೆತ್ತರದ ಕಲ್ಲು ಹಾಕಿಸಿದ್ದರು. ಮಕ್ಕಳು ತಾವಾಗಿ ದಾಟಲಾರರು. ದಿನಾ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಒಂದೊಂದು ಮಗುವನ್ನೂ ಕಂಕುಳಿಗೆ ಕೈಕೊಟ್ಟು ಎತ್ತಿ ಒಳಗಿಳಿಸುತ್ತಿದ್ದೆ. ಹೀಗಾಗಿ ಊರಿನ ಅರ್ಧಕ್ಕರ್ಧ ಮನೆಗಳ ಸಮಾಚಾರ ನನ್ನ ಸೊಂಟಕ್ಕೆ ಗೊತ್ತಿತ್ತು. ಯಾರ ಮನೆಯಲ್ಲಿ ನಿನ್ನೆ ಜಗಳವಾಯಿತು, ಯಾರ ಮನೆಗೆ ಒಳ್ಳೆಯ ಸುದ್ದಿ ಬಂತು, ಎಲ್ಲವೂ. ನನ್ನ ಬಗ್ಗೆ ಊರಿನಲ್ಲಿ ಒಂದು ಮಾತಿತ್ತು: ವಾರಿಜಾ ಮಿಸ್ಸಿನ ಹತ್ತಿರ ಬಿಟ್ಟ ಮಗು ಸಂಜೆಗೆ ಒಂದಷ್ಟು ಹಗುರಾಗಿ ವಾಪಸು ಬರುತ್ತದೆ, ಅವರ ಕೈಗುಣ ಅಂಥದ್ದು. ನಿಜವಾಗಿಯೂ ಹಾಗೇ ಆಗುತ್ತಿತ್ತು. ಬೆಳಿಗ್ಗೆ ಮರಳಿನ ಚೀಲದಂತೆ ಬಂದ ಮಗು ಹಾಡು, ಮಣ್ಣು, ಉಪ್ಪಿಟ್ಟು, ನಿದ್ದೆ ಎಲ್ಲ ಮುಗಿಸಿ ಸಂಜೆ ಹತ್ತಿಯ ದಿಂಬಿನಂತೆ ಅಪ್ಪನ ಹೆಗಲೇರುತ್ತಿತ್ತು. ಆ ಮಾತು ಕಿವಿಗೆ ಬಿದ್ದಾಗ ನನಗೆ ಒಳಗೊಳಗೇ ಹಿಗ್ಗು. ಆ ಹೆಸರನ್ನು ಉಳಿಸಿಕೊಳ್ಳಬೇಕೆಂಬ ಹಟವೂ ಇತ್ತು.

ಇಂಚರಾ ಸೇರಿದ ವರ್ಷ ನನ್ನ ಜೊತೆಗಿದ್ದ ಟೀಚರು ವಿಮಲಾಕ್ಷಿ ಹೆರಿಗೆಗೆಂದು ತವರಿಗೆ ಹೋದವಳು ಮರಳಲಿಲ್ಲ. ಮೇಲಿನವರು ಬೇರೆ ಟೀಚರನ್ನು ಕೊಡುತ್ತೇವೆ ಅಂದರು, ಕೊಡಲಿಲ್ಲ. ಎರಡು ಕೋಣೆಯ ಮಕ್ಕಳೂ ನನ್ನ ಪಾಲಿಗೆ ಬಂದರು. ಅಡುಗೆಗೂ ಮಕ್ಕಳನ್ನು ತೊಳೆಯುವುದಕ್ಕೂ ಆಯಾ ಪುಟ್ಟತಾಯಮ್ಮ ಇದ್ದಳು. ಆದರೆ ಅವಳಿಗೆ ನಡು ಹಿಡಿದುಕೊಂಡಿತ್ತು, ಎತ್ತುವ ಕೆಲಸ ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆ ಚೆಲುವಮ್ಮನಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಕೀಲಿಕೈ ಮರೆಯುತ್ತಿದ್ದರು. ಆಮೇಲೆ ಒಲೆ ಹಚ್ಚಿದ್ದನ್ನು ಮರೆತರು. ಕೊನೆಗೆ ಮನೆಯನ್ನೇ ಮರೆತರು. ಬಟ್ಟೆಯ ಚೀಲಕ್ಕೆ ಒಂದು ಸೀರೆ ತುರುಕಿಕೊಂಡು ಬಾಗಿಲಲ್ಲಿ ಕೂತು, "ನಮ್ಮನೆಗೆ ಹೋಗ್ಬೇಕು ಕಣಮ್ಮ, ಹೊತ್ತಾಯ್ತು," ಅನ್ನುತ್ತಿದ್ದರು. ಒಂದು ದಿನ ರೈಲ್ವೆ ಗೇಟಿನ ಹತ್ತಿರ ಸಿಕ್ಕರು. ನನ್ನ ಗಂಡ ಟ್ಯಾಂಕರ್ ಓಡಿಸುವವರು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನಾನು ಅತ್ತೆಗೆ ಊಟ ಬಡಿಸಿಟ್ಟು, ಹೊರಗಿನಿಂದ ಚಿಲಕ ಹಾಕಿ, ಬೀಗ ಜಡಿದು ಶಿಶುವಿಹಾರಕ್ಕೆ ಬರುತ್ತಿದ್ದೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ, ಪುಟ್ಟತಾಯಮ್ಮನಿಗೆ ನೋಡಿಕೋ ಎಂದು ಹೇಳಿ, ಮನೆಗೆ ಓಡಿಹೋಗಿ ಕಿಟಕಿಯಲ್ಲಿ ಇಣುಕಿ ಬರುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಹೀಗಾಗಿ ನನ್ನ ಮನೆಯ ಭಾರ ಎಷ್ಟೆಂದು ಎತ್ತಿ ನೋಡುವ ದಾರಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಮೊದಲು ಮುರಿದದ್ದು ಏತದ ಹಲಗೆ. ಎರಡು ತುದಿಗೂ ಮಕ್ಕಳು ಕೂತು ಏರಿಳಿಯುವ ಆ ಹಲಗೆ ಎಷ್ಟೋ ವರ್ಷದಿಂದ ಎಂತೆಂಥ ಮಕ್ಕಳನ್ನೋ ತಾಳಿಕೊಂಡಿತ್ತು. ಒಂದು ಮಧ್ಯಾಹ್ನ ಫಟ್ಟೆಂದು ನಡುವಿಗೆ ಸೀಳಿತು. ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ಮಕ್ಕಳು ಓಡುವುದು ಕಡಿಮೆಯಾಯಿತು; ಕೂತಲ್ಲೇ ಕೂರುತ್ತಿದ್ದರು, ಕೂತ ಚಾಪೆ ನೆಲಕ್ಕೆ ಅಂಟಿದಂತಿರುತ್ತಿತ್ತು. ಮಕ್ಕಳ ಮನೆಗಳಲ್ಲಿ ಏನೋ ಆಗುತ್ತಿದೆ ಎಂದುಕೊಂಡೆ ನಾನು. ಊರಿಗೇ ಕೆಟ್ಟ ಕಾಲ ಬಂದಿರಬೇಕು ಎಂದು ಪುಟ್ಟತಾಯಮ್ಮನೊಂದಿಗೆ ಹೇಳಿದ್ದೂ ಉಂಟು. ಸಂಜೆ ಅವರನ್ನು ಹೊಸ್ತಿಲು ದಾಟಿಸುವಾಗ ನನ್ನ ತೋಳು ನಡುಗುತ್ತಿತ್ತು. ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರ ಮುಖ ಮಗುವನ್ನು ಎತ್ತಿಕೊಂಡ ಕ್ಷಣದಲ್ಲಿ ಬದಲಾಗುತ್ತಿದ್ದುದನ್ನು ಕಂಡೂ, ಅದು ಅವರು ದುಡಿದು ಬಂದ ಸುಸ್ತು ಎಂದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಬಾಗಿಲ ಮುಂದೆ ಗುಂಪಾಗಿ ನಿಂತರು. ಮುಂದೆ ನಿಂತವನು ಆಟೋ ಓಡಿಸುವ ಮಾದೇಶ. ಅವನ ಮಗಳು ಲಾಸ್ಯ ನನ್ನ ಸೆರಗು ಹಿಡಿದು ನಿಂತಿದ್ದಳು.

"ಮಿಸ್, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ," ಅಂದ ಅವನು. "ಬೆಳಿಗ್ಗೆ ಒಂದೇ ಕೈಲಿ ಎತ್ಕೊಂಡು ಬಂದ ಮಗುನ ಸಂಜೆ ಎರಡು ಕೈಲೂ ಎತ್ತಕ್ಕಾಗ್ತಿಲ್ಲ. ನನ್ನೊಬ್ಬನ ಕಥೆ ಅಲ್ಲ ಇದು, ಎಲ್ರೂ ಅದನ್ನೇ ಅಂತಿದಾರೆ. ಏನ್ ಮಾಡ್ತಿದೀರ ಮಕ್ಳಿಗೆ?"

"ಏನ್ ಮಾಡ್ತೀನಿ ಅಂದ್ರೆ? ಹೊಡಿತೀನಿ ಅಂತಾನಾ?"

"ಹಂಗಂದ್ನಾ ನಾನು?"

"ಹಂಗೇ ಅಂದಂಗಾಯ್ತು. ನಿಮ್ಮ ನಿಮ್ಮ ಮನೇಲಿ ಇರೋದನ್ನ ಮಕ್ಕಳು ಹೊತ್ಕೊಂಡು ಬರ್ತವೆ. ನಾನು ಇಷ್ಟು ವರ್ಷ ಎತ್ತಿದೀನಿ, ಒಂದಿನ ತುಟಿ ಬಿಚ್ಚಿಲ್ಲ. ಈಗ ನನ್ನನ್ನೇ ಕೇಳ್ತೀರಲ್ಲ?"

"ನಮ್ಮನೇಲಿ ಏನೈತೆ ಮಿಸ್?" ಮಾದೇಶನ ದನಿ ಏರಿತು. "ಬೆಳಿಗ್ಗೆ ನೀವೇ ಎತ್ತಿದ್ರಲ್ಲ, ಹೇಳಿ. ಭಾರ ಇತ್ತಾ?"

ಇರಲಿಲ್ಲ. ಲಾಸ್ಯಾಳನ್ನು ಬೆಳಿಗ್ಗೆ ನಾನು ಹೂವಿನ ಬುಟ್ಟಿ ಎತ್ತಿದಂತೆ ಎತ್ತಿದ್ದೆ. ಹಿಂದಿನಿಂದ ಯಾರೋ ಬೇರೆ ಟೀಚರು ಬೇಕು ಅಂದರು, ಇನ್ಯಾರೋ ಮಗುವನ್ನು ನಾಳೆಯಿಂದ ಕಳಿಸುವುದಿಲ್ಲ ಅಂದರು. ಮಾದೇಶ ಕೈಯೆತ್ತಿ ಅವರನ್ನು ತಡೆದ. "ಒಂದ್ ಕೆಲ್ಸ ಮಾಡಿ ಮಿಸ್. ನೀವು ಒಂಚೂರು ಆಚೆ ಹೋಗಿ. ರಸ್ತೆ ದಾಟಿ ಆ ಹೊಂಗೆ ಮರದ ತನಕ. ನೋಡೇ ಬಿಡಾಣ."

ಲಾಸ್ಯಾಳ ಬೆರಳು ಬಿಡಿಸಿ, ಗುಂಪಿನ ನಡುವೆ ದಾರಿ ಮಾಡಿಕೊಂಡು ನಾನು ನಡೆದೆ. ನನ್ನದೇನೂ ತಪ್ಪಿಲ್ಲವೆಂದು ಇನ್ನೇನು ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಸಿಟ್ಟಿನ ನಡಿಗೆ ಅದು. ಮರದ ಕೆಳಗೆ ನಿಂತು ತಿರುಗಿ ನೋಡಿದೆ. ಮಾದೇಶ ಮಗಳನ್ನು ಎತ್ತಲು ಕಾಲು ಅಗಲಿಸಿ, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಿದ. ಲಾಸ್ಯ ಚೆಂಡಿನ ಹಾಗೆ ಅವನ ತಲೆಯ ಮೇಲಕ್ಕೆ ಹೋದಳು. ಅವನು ಹಿಂದಕ್ಕೆ ಮುಗ್ಗರಿಸಿ ಹೇಗೋ ನಿಂತ.

"ಅಪ್ಪಾ, ಇನ್ನೊಂದ್ ಸಲ!" ಎಂದು ಮಗು ಕೇಕೆ ಹಾಕಿತು.

ಬೇರೆ ಯಾರೂ ನಗಲಿಲ್ಲ. ಒಬ್ಬೊಬ್ಬರೇ ತಮ್ಮ ಮಗುವನ್ನು ಎತ್ತಿದರು, ಹೆಗಲಿಗೆ ಹಾಕಿಕೊಂಡರು, ರಸ್ತೆಯಾಚೆ ನಿಂತ ನನ್ನ ಕಡೆ ನೋಡದೆ ಹೊರಟುಹೋದರು. ಮಾದೇಶನೂ ಲಾಸ್ಯಾಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟ. ಅವನು ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಕೊನೆಗೆ ಉಳಿದವಳು ಚಂದ್ರಕಲಾ ಒಬ್ಬಳೇ. ಅವಳು ಇಂಚರಾಳನ್ನು ಎತ್ತಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ಪುಟ್ಟತಾಯಮ್ಮ ನಡುನೋವನ್ನು ಮರೆತು ಒಂದು ಕಡೆ ಕೈಕೊಟ್ಟಳು. ಇಬ್ಬರೂ ಸೇರಿ ಮಗುವನ್ನು ಗಾಡಿಗೆ ಏರಿಸಿದರು. ಗಾಡಿ ತಳ್ಳಿಕೊಂಡು ಹೋಗುವಾಗ ಚಂದ್ರಕಲಾ ಒಬ್ಬಳೇ ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಶಿಶುವಿಹಾರಕ್ಕೆ ಬೀಗ ಬಿತ್ತೆಂದು ತರಕಾರಿಯವಳಿಂದ ಗೊತ್ತಾಯಿತು. ಮನೆಯಲ್ಲಿ ಅತ್ತೆಯ ತಲೆ ಬಾಚಿ, ಉಣ್ಣಿಸಿ, ಅವರು ಕೇಳಿದ್ದನ್ನೇ ಕೇಳಿದಾಗ ಹೇಳಿದ್ದನ್ನೇ ಹೇಳುತ್ತಾ ಕೂತೆ. ನನ್ನ ಕೈಯನ್ನೇ ಆಗಾಗ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಅಳು ಬರಲಿಲ್ಲ. ಮಕ್ಕಳು ನನ್ನನ್ನು ಹೊತ್ತಿದ್ದರು. ಮನೆಯಿಂದ ತಂದದ್ದು ಸಾಲದೆಂಬಂತೆ, ನಾನು ನಗುನಗುತ್ತಾ ಹಾಡು ಹೇಳಿಕೊಡುವಾಗಲೆಲ್ಲ ಅವು ನನ್ನ ಬೀಗ, ನನ್ನ ಕಿಟಕಿ, ನನ್ನ ರೈಲ್ವೆ ಗೇಟು ಎಲ್ಲವನ್ನೂ ತಮ್ಮ ಪುಟ್ಟ ಮೈಯಲ್ಲಿ ಹೊತ್ತುಕೊಂಡು ಕೂತಿದ್ದವು. ಇದನ್ನು ಎಲ್ಲಿ ಇಡುವುದೆಂದು ನನಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಬಾಗಿಲ ಹೊರಗೆ ಗಾಡಿಯ ಚಕ್ರ ಕಿರುಗುಟ್ಟಿತು. ಅಡುಗೆಮನೆಯಿಂದ ನಾನು ಬರುವಷ್ಟರಲ್ಲಿ ಅತ್ತೆ ಚೀಲ ಹಿಡಿದು ಬೀದಿಗಿಳಿದಿದ್ದರು. ಎದುರಿಗೆ ಚಂದ್ರಕಲಾ. ಗಾಡಿಯಲ್ಲಿ ಇಂಚರಾ.

"ನಮ್ಮನೆಗೆ ಬಿಡ್ತೀಯಾ ತಾಯಿ?" ಅತ್ತೆ ಅವಳನ್ನು ಕೇಳುತ್ತಿದ್ದರು. "ಬೆಳಿಗ್ಗೆಯಿಂದ ಕಾಯ್ತಿದೀನಿ, ಒಂದು ಗಾಡೀನೂ ಬರ್ಲಿಲ್ಲ."

ಚಂದ್ರಕಲಾ ನನ್ನ ಮುಖ ನೋಡಿದಳು. ನಾನು, "ಅತ್ತೆ, ಇದೇ ನಮ್ಮನೆ, ಒಳಗೆ ಬನ್ನಿ," ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಗಾಡಿಯ ಅಂಚು ಹಿಡಿದು, ಒಂದು ಕಾಲು ಚಕ್ರದ ಮೇಲಿಟ್ಟು ಹತ್ತಿಯೇಬಿಟ್ಟರು. ಇಂಚರಾ ಸರಿದು ಜಾಗ ಕೊಟ್ಟಳು. ಇಬ್ಬರೂ ಕಾಲು ಚಾಚಿ ಪಕ್ಕಪಕ್ಕ ಕೂತರು. ನಾನೆಷ್ಟು ಕರೆದರೂ ಅತ್ತೆ ಇಳಿಯಲಿಲ್ಲ.

"ಹೋಗ್ಲಿ, ಒಂದ್ ಸುತ್ತು ಹಾಕ್ಕೊಂಡ್ ಬರಾಣ ಬನ್ನಿ ಮಿಸ್," ಅಂದಳು ಚಂದ್ರಕಲಾ. "ಒಬ್ಳೇ ತಳ್ಳಕ್ಕೆ ನನ್ನ ಕೈಲಾಗಲ್ಲ."

ನಾನು ಚಪ್ಪಲಿ ಮೆಟ್ಟಿ ಅವಳ ಪಕ್ಕ ನಿಂತು ಹಿಡಿಗೆ ಕೈಹಾಕಿದೆ. ಗಾಡಿ ಮೊದಲು ಅಲುಗಲೇ ಇಲ್ಲ. ಇಬ್ಬರೂ ಎದೆ ಆನಿಸಿ ನೂಕಿದ ಮೇಲೆ ಚಕ್ರ ಉರುಳಿತು. ಬೀದಿ ತುದಿಯವರೆಗೂ ಏದುಸಿರು ಬಿಡುತ್ತಾ ನೂಕಿದೆವು.

"ಯಾವಾಗಿಂದ ಮಿಸ್?" ಅಂದಳು ಚಂದ್ರಕಲಾ. ಅವಳ ಕಣ್ಣು ರಸ್ತೆಯ ಮೇಲಿತ್ತು.

ನಮ್ಮೂರಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ರಸ್ತೆಯನ್ನೇ ನೋಡುತ್ತಾ ಹೇಳಿದೆ. ಒಲೆಯ ವಿಷಯ ಹೇಳಿದೆ, ಬೀಗದ ವಿಷಯ ಹೇಳಿದೆ. ಬೀಗ ಹಾಕುವಾಗ ಒಳಗಿನಿಂದ ಅವರು ಬಾಗಿಲು ತಟ್ಟುವುದನ್ನೂ ಹೇಳಿದೆ. ಅವಳು ಅಯ್ಯೋ ಪಾಪ ಅನ್ನಲಿಲ್ಲ. "ಎಡಕ್ಕೆ ಹಿಡೀರಿ, ಗುಂಡಿ ಐತೆ," ಅಂದಳು. ಗುಂಡಿ ದಾಟಿದ ಮೇಲೆ, "ಹೂಂ, ಆಮೇಲೆ?" ಅಂದಳು.

ನನ್ನದು ಮುಗಿದ ಮೇಲೆ ನಾನು ಕೇಳಿದೆ, "ನಿಮ್ಮನೇಲಿ?"

"ನಮ್ಮೆಜಮಾನ್ರು ಮಲಗವ್ರೆ," ಅಂದಳು. "ಕಾಯಿಲೆ ಏನಿಲ್ಲ. ಅಕ್ಕಿ ಗಿರಣಿ ಮುಚ್ಚಿದ ದಿನ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಅವತ್ತಿಂದ ಅಷ್ಟೇ. ಉಣ್ಣು ಅಂದ್ರೆ ಉಣ್ತಾರೆ, ಸ್ನಾನಕ್ಕೆ ಏಳಿ ಅಂದ್ರೆ ಏಳ್ತಾರೆ. ಮಾತಿಲ್ಲ. ನಾನು ಗಾರ್ಮೆಂಟ್ಸಿಂದ ಬರಾದ್ರೊಳಗೆ ಏನಾರ ಮಾಡ್ಕೊಂಡಿದ್ರೆ ಅಂತ ದಿನಾ ದಾರೀಲಿ ದೇವ್ರಿಗೆ ಕೈ ಮುಗಿತೀನಿ. ಮೊನ್ನೆ ಎಲ್ಲರ ಮಕ್ಳೂ ಹಗುರಾದ್ವಲ್ಲ, ನನ್ನ ಮಗು ಆಗ್ಲಿಲ್ಲ. ಮಿಸ್ಸೂ ನನ್ನ ಥರಾನೇ ಇರ್ಬೇಕು ಅನ್ನಿಸ್ತು. ಅದಕ್ಕೇ ಬಂದೆ."

"ನಾನು ದಿನಾ ಅವಳನ್ನ ಎತ್ತುತಿದ್ದೆ. ಒಂದಿನ ಕೇಳ್ಲಿಲ್ಲ."

"ಕೇಳಿದ್ರೂ ಏನೂ ಇಲ್ಲ ಅಂತಿದ್ದೆ ಬಿಡಿ."

ಇಬ್ಬರಿಗೂ ನಗು ಬಂತು. ನಗು ನಿಂತಾಗ ಗಮನಿಸಿದೆ, ಚಂದ್ರಕಲಾ ಗಾಡಿಯಿಂದ ಎರಡೂ ಕೈ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದಳು. ಏರು ದಾರಿಯಲ್ಲೂ ಗಾಡಿ ನನ್ನೊಬ್ಬಳ ಕೈಗೇ ಹೋಗುತ್ತಿತ್ತು. ಪೂರ್ತಿ ಸಲೀಸಾಗಿ ಏನಲ್ಲ. ಆದರೆ ಹೋಗುತ್ತಿತ್ತು.

ಮಾತಿನಲ್ಲಿ ಶಿಶುವಿಹಾರದ ಮುಂದೆ ಬಂದುಬಿಟ್ಟಿದ್ದೆವು. ಪುಟ್ಟತಾಯಮ್ಮ ಬಾಗಿಲು ತೆಗೆದು ನೀರು ಹಾಕಿ ನೆಲ ತೊಳೆಯುತ್ತಿದ್ದಳು. ಮಕ್ಕಳಿಲ್ಲದೆ ಮನೆಯಲ್ಲಿ ಕೂರಲಾಗಲಿಲ್ಲವಂತೆ. ಅತ್ತೆ ಗಾಡಿಯಿಂದ ಇಳಿದು, ಹೊಸ್ತಿಲ ಕಲ್ಲು ಹಿಡಿದು, ಅದನ್ನು ದಾಟಿ ಒಳಗೆ ಹೋದರು. ಗೋಡೆಯ ಮೇಲಿನ ಗಿಳಿ, ಮೀನು, ಬಾಳೆಹಣ್ಣಿನ ಚಿತ್ರಗಳನ್ನು ನೋಡಿದರು. ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತರು. ಮನೆಗೆ ಹೋಗಬೇಕೆಂದು ಅವತ್ತು ಸಂಜೆಯವರೆಗೆ ಅವರು ಕೇಳಲಿಲ್ಲ.

ಉಳಿದದ್ದನ್ನು ಚಂದ್ರಕಲಾ ಮಾಡಿದಳು. ಯಾರ ಯಾರ ಮನೆಗೆ ಹೋಗಿ ಏನೇನು ಹೇಳಿದಳೋ ನನಗೆ ಗೊತ್ತಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಾದೇಶನ ಆಟೋ ನನ್ನ ಮನೆಯ ಮುಂದೆ ನಿಂತಿತು. ಅವನು ಇಳಿಯದೆ, ಮೀಟರಿನ ಕಡೆ ನೋಡುತ್ತಾ ಹೇಳಿದ, "ಅಮ್ಮಾರನ್ನ ದಿನಾ ನಾನೇ ಶಿಶುವಿಹಾರಕ್ಕೆ ಕರ್ಕೊಂಡ್ ಹೋಗಿ ಕರ್ಕೊಂಡ್ ಬರ್ತೀನಿ ಮಿಸ್. ಲಾಸ್ಯನ್ನ ಬಿಡಕ್ಕೆ ಹೆಂಗೂ ಬರ್ಬೇಕಲ್ಲ." ಆಮೇಲೆ, "ನಾನು ಅವತ್ತು ಹಂಗೆ ಮಾತಾಡ್ಬಾರ್ದಿತ್ತು," ಅಂದ.

"ಮಾತಾಡ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ ಮಾದೇಶಣ್ಣ," ಅಂದೆ. ಅದು ನಿಜವಾಗಿತ್ತು, ಆದರೂ ಹೇಳುವಾಗ ಕಷ್ಟವಾಯಿತು.

ವಿಮಲಾಕ್ಷಿಯ ಕೋಣೆಗೆ ಅಪ್ಪ ಅಮ್ಮಂದಿರು ಪಾಳಿಯ ಮೇಲೆ ಬಂದು ಕೂರುವುದೆಂದು ಮಾತಾಯಿತು. ಪಾಳಿಯವರು ಅತ್ತೆಯ ಮೇಲೂ ಒಂದು ಕಣ್ಣಿಟ್ಟಿರಬೇಕು. ಮೊದಲು ಬಂದವರಿಗೆ ಮಕ್ಕಳನ್ನು ಹೇಗೆ ಸುಧಾರಿಸುವುದೆಂದೇ ತಿಳಿಯಲಿಲ್ಲ. ಒಬ್ಬಾಕೆ ಮಧ್ಯಾಹ್ನದ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಮತ್ತೊಬ್ಬರು ಸಂಜೆ ಹೊರಡುವಾಗ, "ಇದನ್ನ ದಿನಾ ಮಾಡ್ತೀರಾ ಮಿಸ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮರುದಿನ ಒಂದು ಫ್ಲಾಸ್ಕಿನ ತುಂಬ ಕಾಫಿ ತಂದಿಟ್ಟರು.

ಚಂದ್ರಕಲಾಳ ಪಾಳಿಯ ದಿನ ಅವಳಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗಲಿಲ್ಲ. "ನಮ್ಮೆಜಮಾನ್ರಿಗೆ ಹೇಳಿ ಬಂದಿದೀನಿ," ಎಂದು ಹಿಂದಿನ ಸಂಜೆ ನನ್ನ ಹತ್ತಿರ ಅಂದಿದ್ದಳು. "ಇಂಚರಾನ ಕರ್ಕೊಂಡು ನೀವೇ ಹೋಗ್ಬೇಕು, ಇಲ್ಲಾಂದ್ರೆ ಮಿಸ್ ಒಬ್ರೇ ಆಗ್ತಾರೆ ಅಂದೆ. ಬರ್ತಾರೋ ಇಲ್ವೋ, ನೀವು ನಂಬ್ಕೊಂಡ್ ಕೂರ್ಬೇಡಿ."

ಮಕ್ಕಳೆಲ್ಲ ಬಂದು, ಮೊದಲ ಹಾಡೂ ಮುಗಿದ ಮೇಲೆ ಹೊರಗೆ ಗಾಡಿಯ ಸದ್ದು ಕೇಳಿತು. ಗಡ್ಡ ಬೆಳೆದ, ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡ ಒಬ್ಬ ಎತ್ತರದ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಚಂದ್ರಕಲಾಳ ಗಂಡ ಸೋಮಶೇಖರ. ಬಿಸಿಲಿನ ಅಭ್ಯಾಸ ತಪ್ಪಿದವನಂತೆ ಕಣ್ಣು ಕಿರಿದು ಮಾಡಿಕೊಂಡಿದ್ದ. ನಾನೂ ಅವನೂ ಸೇರಿ ಇಂಚರಾಳನ್ನು ಒಳಗಿಳಿಸಿದೆವು. ಅವನು ಗೋಡೆಗೊರಗಿ ನಿಂತುಕೊಂಡ. ಅಲ್ಲೂ ಗೋಡೆಯ ಕಡೆಗೇ ತಿರುಗುತ್ತಿದ್ದನೇನೋ, ಅಷ್ಟರಲ್ಲಿ ಅತ್ತೆ ಅವನನ್ನು ನೋಡಿದರು.

"ಬಂದ್ಯೇನೋ ತಿಮ್ಮ?" ಅಂದರು. ತಿಮ್ಮಪ್ಪ ಅವರ ತಮ್ಮ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ಎಷ್ಟೊತ್ತು ಕಾಯಿಸ್ತೀಯೋ? ಊಟ ಮಾಡಿದ್ಯಾ?"

ಸೋಮಶೇಖರ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. "ಇಲ್ಲ," ಅಂದ. ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದಂತಿತ್ತು ಆ ದನಿ.

"ನೋಡು, ಮುಖ ಹೆಂಗೆ ಬತ್ತೋಗಿದೆ. ಬಾ, ಕೂತ್ಕೋ." ಅತ್ತೆ ಪುಟ್ಟತಾಯಮ್ಮನ ಕೈಯಿಂದ ಉಪ್ಪಿಟ್ಟಿನ ತಟ್ಟೆ ಕಸಿದು ಅವನ ಮುಂದಿಟ್ಟರು. ಅವನು ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ತಿನ್ನತೊಡಗಿದ. "ಯಾಕೆ ಹಿಂಗಿದೀಯಾ? ಏನಾಯ್ತು?" ಅತ್ತೆ ಕೇಳಿದರು.

ನಾನು ಆಚೆ ಕೋಣೆಗೆ ಹೊರಟವಳು ಬಾಗಿಲಲ್ಲೇ ನಿಂತೆ. ಅವನು ಉಪ್ಪಿಟ್ಟನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದ. ಆಮೇಲೆ, "ಕೆಲ್ಸ ಹೋಯ್ತು," ಅಂದ.

"ಯಾರ್ದು?"

"ನಂದು."

"ಹೋದ್ರೆ ಹೋಗ್ಲಿ ಬಿಡು, ಉಣ್ಣು ಮೊದ್ಲು," ಅಂದರು ಅತ್ತೆ. ಅವನು ಉಂಡ. ಕೊಂಚ ಹೊತ್ತಿನಲ್ಲಿ ಅವರಿಗೆ ಎಲ್ಲ ಮರೆತುಹೋಯಿತು. ಮತ್ತೆ ಅವನ ಮುಖ ನೋಡಿ, "ಬಂದ್ಯೇನೋ ತಿಮ್ಮ? ಯಾಕೆ ಹಿಂಗಿದೀಯಾ, ಏನಾಯ್ತು?" ಎಂದರು. ಅವನು ಮತ್ತೆ ಹೇಳಿದ. ಅವತ್ತು ಎಷ್ಟು ಸಲ ಕೇಳಿದರೋ, ಅಷ್ಟು ಸಲವೂ ಹೊಸದಾಗಿ ಕೇಳುವವರ ಕಾಳಜಿಯಿಂದಲೇ ಕೇಳಿದರು. ಅವನೂ ಅಷ್ಟು ಸಲ ಹೇಳಿದ. ಮೊದಮೊದಲು ನೆಲ ನೋಡಿಕೊಂಡು, ಆಮೇಲೆ ಅವರ ಮುಖ ನೋಡಿಕೊಂಡು. ಹೇಳುತ್ತಾ ಮಾತು ಬೆಳೆಯಿತು: ಗಿರಣಿಯ ಯಂತ್ರದ ಬೆಲ್ಟು ನಿಂತ ಸದ್ದು, ಎಲ್ಲರೂ ಡಬ್ಬಿ ಎತ್ತಿಕೊಂಡು ಹೊರಟದ್ದು, ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ಗೊತ್ತಾಗದೆ ಮಲಗಿದ್ದು. ಮಧ್ಯಾಹ್ನದ ಹೊತ್ತಿಗೆ, ಕಾಲಿಗೆ ಅಂಟಿಕೊಂಡಿದ್ದ ಮಗುವೊಂದರ ಮೂಗು ಒರೆಸುತ್ತಾ, "ಕೆಲ್ಸ ಹೋಯ್ತು ಅಕ್ಕ, ಬೇರೆ ಹುಡುಕ್ಬೇಕು," ಅಂದ. ಆ 'ಹುಡುಕ್ಬೇಕು' ಅವನ ಬಾಯಿಂದ ಬಂದದ್ದು ಅವನಿಗೇ ಗೊತ್ತಾಗಲಿಲ್ಲ.

ಸಂಜೆ ಚಂದ್ರಕಲಾ ಓಡಿಬಂದಳು. ಬಾಗಿಲಲ್ಲೇ ನಿಂತಳು. ಒಳಗೆ ಅವಳ ಗಂಡ ಮಗಳ ಚಪ್ಪಲಿ ಹಾಕಿ, ಬೇರೇನನ್ನೋ ಯೋಚಿಸುತ್ತಾ, ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊಸ್ತಿಲು ದಾಟಿದ. ದಾಟಿದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಅಲ್ಲೇ ಸ್ತಬ್ಧನಾದ.

"ಭಾರ ಐತಾ?" ಕೇಳಿದಳು ಚಂದ್ರಕಲಾ.

"ಐತೆ," ಅಂದ ಸೋಮಶೇಖರ. "ಆದ್ರೆ ಎತ್ಬೋದು."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗಾಡಿಯ ಪಕ್ಕ ಕೂತು ಅತ್ತಳು. ಇಂಚರಾ ಅಪ್ಪನ ಸೊಂಟದ ಮೇಲಿಂದ ಬಗ್ಗಿ, "ಅಮ್ಮ ಯಾಕೆ ಅಳ್ತಿದಾಳೆ?" ಎಂದು ಅವನನ್ನೇ ಕೇಳಿದಳು. ಅವನು ಅವಳಿಗೆ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಮರುದಿನ ಪಾಳಿ ಬೇರೆಯವರದಾದರೂ ಅವನು ಬಂದ. ಅದರ ಮರುದಿನ ಗಡ್ಡ ಬೋಳಿಸಿಕೊಂಡು ಬಂದ. ಕೆಲಸ ಸಿಗುವವರೆಗೆ ದಿನಾ ಬರುತ್ತಿದ್ದ. ಸಿಕ್ಕ ಮೇಲೂ ರಜೆಯ ದಿನ ಅಕ್ಕನನ್ನು ನೋಡಲು ಬರುತ್ತಾನೆ.

ಊರಿನ ಮಕ್ಕಳೆಲ್ಲ ಹಗುರಾಗಿಬಿಟ್ಟರೆಂದು ನಾನು ಹೇಳುವುದಿಲ್ಲ. ಮನೆಗಳಿರುವಲ್ಲಿ ಚಿಂತೆ ಇದ್ದೇ ಇರುತ್ತದೆ, ನನ್ನ ಅತ್ತೆಯ ಮರೆವೂ ಕಡಿಮೆಯಾಗಲಿಲ್ಲ. ಈಚೆಗೆ ಅವರು ನನ್ನ ಹೆಸರನ್ನೂ ಮರೆತಿದ್ದಾರೆ. ಬೆಳಿಗ್ಗೆ ಎತ್ತಿದ ಮಗು ಭಾರವೆನಿಸಿದರೆ ನಾನೀಗ, "ಏನ್ ಸಮಾಚಾರ?" ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ. ಕೆಲವರು ಏನೂ ಇಲ್ಲ ಮಿಸ್ ಎಂದು ಹೋಗಿ, ಸಂಜೆ ಬಂದಾಗ ಹೇಳುತ್ತಾರೆ. ನನ್ನನ್ನೂ ಕೇಳುತ್ತಾರೆ. ಒಂದೊಂದು ದಿನ ನಾನು, "ಇವತ್ತು ನನ್ನ ಕೈಲಾಗಲ್ಲ," ಅನ್ನುತ್ತೇನೆ. ಅದನ್ನು ಹೇಳಲು ಕಲಿಯುವುದಕ್ಕೆ ನನಗೆ ಮಕ್ಕಳಿಗೆ ಅಕ್ಷರ ಕಲಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕಳೆದ ವಾರ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಸಾಲಾಗಿ ಮಲಗಿಸಿ, ಕೊನೆಯ ಮಗುವಿನ ಬೆನ್ನು ತಟ್ಟುತ್ತಾ ಪಕ್ಕದಲ್ಲಿ ಒರಗಿದೆ. ಇಷ್ಟು ವರ್ಷದಲ್ಲಿ ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿದವಳಲ್ಲ. ಎಚ್ಚರವಾದಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಗಾಬರಿಯಿಂದ ಎದ್ದೆ. ಮಕ್ಕಳು ಬಾಯಿ ತೆರೆದು ಮಲಗಿದ್ದರು, ಅವರ ನಡುವೆ ಅತ್ತೆಯೂ ಮಲಗಿದ್ದರು. ಬಾಗಿಲ ಹೊರಗೆ ಪಿಸುಮಾತು. ಹೋಗಿ ನೋಡಿದರೆ ಅಪ್ಪ ಅಮ್ಮಂದಿರೆಲ್ಲ ಜಗಲಿಯ ಉದ್ದಕ್ಕೂ, ಆಟೋದ ನೆರಳಿನಲ್ಲಿ, ಚಪ್ಪಲಿ ಬಿಟ್ಟು ಕೂತಿದ್ದರು. ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಪುಟ್ಟತಾಯಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಾವಲಿಗೆ ನಿಂತಿದ್ದಳು.

"ಅಯ್ಯೋ, ಹೊತ್ತಾಯ್ತಲ್ಲ! ಯಾಕೆ ಎಬ್ಬಿಸ್ಲಿಲ್ಲ?" ಅಂದೆ. ನನ್ನ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದುದು ಕೈಗೆ ತಾಗುತ್ತಿತ್ತು.

ಮಾದೇಶ ಕಡಲೆಕಾಯಿ ಸಿಪ್ಪೆ ಕೊಡವಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ, "ನಮ್ಗೇನೂ ಅವಸರ ಇಲ್ಲ ಮಿಸ್," ಅಂದ. "ಮಕ್ಳೂ ಇನ್ನೂ ಎದ್ದಿಲ್ವಲ್ಲ. ಹೋಗಿ, ಇನ್ನೊಂದ್ ಗಳಿಗೆ ಮಲಿಕ್ಕಳಿ."

ನಾನು ಒಳಗೆ ಹೋಗಿ ಮತ್ತೆ ಮಲಗಿದೆ.